ಕೊಳಗೇರಿಯಾಗಲೂ ಯೋಗ ಬೇಕು

ಕುಪ್ಪಗಡ್ಡೆಯಲ್ಲಿ ಕೊಳಗೇರಿ ಇಲ್ಲ. ಇರುವ ಹಾಗೂ ಇಲ್ಲ. ಸೊರಬ ತಾಲೂಕಿನ ಹೋಬಳಿ ಊರಾದರೂ ಸರ್ಕಾರದ ಲೆಕ್ಕದಲ್ಲಿ ಇದು ಹಳ್ಳಿ. ಜನಗಣತಿಯವರು ಕೊಳಗೇರಿ ಎಣಿಸುವುದು ಪಟ್ಟಣದಲ್ಲಿ ಮಾತ್ರ. ಹಳ್ಳಿಯ ಓಣಿಯಲ್ಲಿ ಮನೆಗೆ ಮನೆ ಅಂಟಿಕೊಂಡು ನಿಂತಿರಲಿ, ನಡುವೆ ಬಚ್ಚಲು ನೀರು ಹರಿಯುತ್ತಿರಲಿ, ಆಷಾಢದ ಮಳೆಯಲ್ಲಿ ಆ ನೀರು ಹೊಸಿಲು ದಾಟಿ ಒಲೆಯವರೆಗೂ ಬಂದು ಯೋಗಕ್ಷೇಮ ವಿಚಾರಿಸಿಕೊಂಡು ಹೋಗಲಿ, ಅದು ಕೇರಿ, ಕಾಲನಿ, ಜನತಾ ಮನೆ, ಆಶ್ರಯ ಬಡಾವಣೆ, ಏನು ಬೇಕಾದರೂ ಆದೀತು. ಕೊಳಗೇರಿ ಮಾತ್ರ ಆಗದು. ಅದೇ ಮನೆಗಳು ಪೇಟೆಯ ಅಂಚಿನಲ್ಲಿದ್ದಿದ್ದರೆ ಅವಕ್ಕೊಂದು ಕಡತ ಇರುತ್ತಿತ್ತು, ಕಡತಕ್ಕೊಂದು ನಂಬರು ಇರುತ್ತಿತ್ತು, ನಂಬರಿನ ಹಿಂದೆ ಒಂದು ಯೋಜನೆ ಓಡಿ ಬರುತ್ತಿತ್ತು.

ಪಟ್ಟಣದಲ್ಲಿದ್ದರೂ ಸುಲಭವೇನಲ್ಲ. 2011ರ ಜನಗಣತಿ ಕೊಳಗೇರಿಯನ್ನು ಮೂರು ದರ್ಜೆ ಮಾಡಿತು: ಘೋಷಿತ, ಮಾನ್ಯ, ಗುರುತಿಸಿದ. ಮೊದಲೆರಡಕ್ಕೆ ಸರ್ಕಾರದ ಮುದ್ರೆ ಬೇಕು. ಮುದ್ರೆ ಇಲ್ಲದವರು ಮೂರನೆಯ ದರ್ಜೆಗೆ ಸೇರಬೇಕಾದರೆ ಒಂದೇ ಕಡೆ ಕನಿಷ್ಠ 300 ಜನ, ಅಥವಾ 60-70 ಮನೆ ಒತ್ತೊತ್ತಾಗಿ ಇರಬೇಕು. ನಿಮ್ಮ ಓಣಿಯಲ್ಲಿ 55 ಮನೆ ಇದ್ದರೆ? ಕೊಳೆ ಅದೇ, ಸೊಳ್ಳೆ ಅದೇ, ಡೆಂಗಿಯೂ ಅದೇ. ಆದರೆ ನೀವು ಇನ್ನೂ ಕೊಳಗೇರಿಯ ಮಟ್ಟಕ್ಕೆ ಏರಿಲ್ಲ. ಇನ್ನೈದು ಮದುವೆ ಮಾಡಿಸಿ, ಅಣ್ಣತಮ್ಮಂದಿರನ್ನು ಬೇರೆ ಹಾಕಿಸಿ, ಗೋಡೆಗೆ ಗೋಡೆ ಎತ್ತಿಸಿ, ಆಮೇಲೆ ಅರ್ಜಿ ಹಾಕಿ. ಈ ಲೆಕ್ಕದಲ್ಲೇ ಕರ್ನಾಟಕದಲ್ಲಿ ಸುಮಾರು 33 ಲಕ್ಷ ಜನ ಕೊಳಗೇರಿವಾಸಿಗಳೆಂದು ಸಿಕ್ಕರು. 55 ಮನೆಯ ಓಣಿಯವರು ಯಾವ ಲೆಕ್ಕಕ್ಕೆ ಸೇರಿದರೋ, ಅವರಿಗೂ ಗೊತ್ತಿಲ್ಲ, ಎಣಿಸಿದ ಮೇಷ್ಟ್ರಿಗೂ ಗೊತ್ತಿಲ್ಲ.

ಇನ್ನು ಘೋಷಣೆಯ ಭಾಗ್ಯ. ಅದಕ್ಕೆ 1973ರ ಕೊಳಚೆ ಪ್ರದೇಶಗಳ ಕಾಯ್ದೆಯಿದೆ. ಅದರ 3ನೇ ಕಲಮಿನ ಪ್ರಕಾರ ತಗ್ಗು ಜಾಗ, ಹೊಲಸು, ಕಿಕ್ಕಿರಿದ ಮನೆ, ಇಕ್ಕಟ್ಟಾದ ಬೀದಿ, ಗಾಳಿ ಬೆಳಕಿಲ್ಲದ ಕೋಣೆ, ಇವುಗಳಿಂದ ಜನರ ಸುರಕ್ಷತೆಗೆ, ಆರೋಗ್ಯಕ್ಕೆ ಅಥವಾ ನೀತಿಗೆ ಧಕ್ಕೆಯಾಗುವಂತಿದ್ದರೆ ಆ ಜಾಗವನ್ನು ಕೊಳಚೆ ಪ್ರದೇಶ ಎಂದು ಘೋಷಿಸಬಹುದು. ನೀತಿ ಎಂಬುದು ಕಿಟಕಿಯ ಅಳತೆಯನ್ನು ಅವಲಂಬಿಸಿದೆ ಎಂದು ಶಾಸನಸಭೆ ಕಂಡುಕೊಂಡಿದ್ದು ದೊಡ್ಡ ಸಂಗತಿ. ಎಂಟಡಿ ಕೋಣೆಯಲ್ಲಿ ಆರು ಜನ ಮಲಗಿದರೆ ನೀತಿಗೆ ಕುಂದು. ಇಪ್ಪತ್ತಡಿ ಕೋಣೆಯಲ್ಲಿ ಇಬ್ಬರೇ ಕುಳಿತು ಎಸ್ಟಿಮೇಟು ಏರಿಸಿದರೆ ಗಾಳಿ ಬೆಳಕು ಚೆನ್ನಾಗಿರುವುದರಿಂದ ನೀತಿಗೆ ಏನೂ ಆಗುವುದಿಲ್ಲ.

ಹೀಗಾಗಿ ಕೇರಿಯವರ ಮೊದಲ ಕೆಲಸ ತಮ್ಮ ಕೇರಿ ಕೊಳಕಾಗಿದೆ ಎಂದು ಸಾಬೀತು ಮಾಡುವುದು. ಇಲ್ಲೊಂದು ಪೇಚಿದೆ. ಒಂದು ಇಲಾಖೆಯವರು ಬರುವಾಗ ಹೊಲಸು ಕಾಣಬೇಕು, ಇಲ್ಲದಿದ್ದರೆ ಅರ್ಹತೆ ಹೋಯಿತು. ಅದೇ ವಾರ ಸ್ವಚ್ಛತೆಗೆ ಅಂಕ ಕೊಡುವವರು ಬರುತ್ತಾರೆ. ಅವರಿಗೆ ಹೊಲಸು ಕಾಣಬಾರದು, ಕಂಡರೆ ಊರಿನ ಮಾನ ಹೋಯಿತು. ಬೆಳಿಗ್ಗೆ ಗುಡಿಸಿ ಸಂಜೆ ಮತ್ತೆ ಹರಡುವಷ್ಟು ಕೈಗಳು ಯಾವ ಕೇರಿಯಲ್ಲೂ ಇರುವುದಿಲ್ಲ. ಕೂಲಿಗೆ ಹೋಗಬೇಕಲ್ಲ.

ನಮ್ಮ ಪಕ್ಕದ ಆನವಟ್ಟಿಗೆ ಯೋಗ ಕೂಡಿ ಬಂತು. ಗ್ರಾಮ ಪಂಚಾಯ್ತಿ ಇದ್ದದ್ದು ಪಟ್ಟಣ ಪಂಚಾಯ್ತಿ ಆಯಿತು. ಹಳ್ಳಿಯೊಂದು ಪಟ್ಟಣವಾಗುವುದೆಂದರೆ ಏನು ಎಂದು ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ರಸ್ತೆ ಅದೇ ಇರುತ್ತದೆ, ಗುಂಡಿ ಅದೇ ಇರುತ್ತದೆ, ಬಸ್ಸು ಬರುವ ಹೊತ್ತೂ ಅದೇ. ಬೋರ್ಡು ಬದಲಾಗುತ್ತದೆ. ಪಿಡಿಒ ಹೋಗಿ ಮುಖ್ಯಾಧಿಕಾರಿ ಬರುತ್ತಾರೆ. ಉದ್ಯೋಗ ಖಾತ್ರಿ ಕೆಲಸ ಹಳ್ಳಿಯವರಿಗಾದ್ದರಿಂದ ಹೋಗುತ್ತದೆ. ಕಂದಾಯ ಪಟ್ಟಣದ್ದಾದ್ದರಿಂದ ಏರುತ್ತದೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆ ಸಕ್ರಮವಾಗಲೆಂದು 94ಸಿ ಕಲಮಿನ ಅಡಿಯಲ್ಲಿ ಅರ್ಜಿ ಹಾಕಿ ತಾಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಿದ್ದವನಿಗೆ, ಅದು ಹಳ್ಳಿಯವರಿಗೆ, ಪಟ್ಟಣದವರಿಗೆ 94ಸಿಸಿ ಎಂದು ತಿಳಿಸಲಾಗುತ್ತದೆ. ಒಂದು 'ಸಿ' ಜಾಸ್ತಿ. ಮನೆ ಕದಲಿಲ್ಲ, ಗೋಡೆ ಕದಲಿಲ್ಲ. ಅಧಿಸೂಚನೆಯೊಂದು ಬಂದು ಮನೆಯನ್ನು ಇದ್ದಲ್ಲೇ ಬೇರೆ ಕಡೆ ಒಯ್ದಿತು.

ಎಲ್ಲಕ್ಕಿಂತ ದೊಡ್ಡದಾಗಿ ಕಳೆದುಹೋಗುವುದು ಗ್ರಾಮಸಭೆ, ಅದೂ ಯಾರ ಗಮನಕ್ಕೂ ಬಾರದೆ. ಹಳ್ಳಿಯಲ್ಲಿ ಅದಕ್ಕೆ ಕಾನೂನಿನ ಬಲ ಇದೆ. ಮತದಾರರಲ್ಲಿ ಶೇ. 10ರಷ್ಟು ಅಥವಾ 100 ಜನ, ಯಾವುದು ಕಮ್ಮಿಯೋ ಅಷ್ಟು ಮಂದಿ ಸೇರಿದರೆ ಕೋರಂ. ಗ್ರಾಮಸಭೆಯಲ್ಲಿ ಜಗಳ ಆಗುತ್ತದೆ, ಕುರ್ಚಿ ಹಾರುತ್ತದೆ, ಫಲಾನುಭವಿ ಪಟ್ಟಿ ಹರಿಯುತ್ತದೆ. ಸರಿ. ಆದರೆ ಮುಖಕ್ಕೆ ಮುಖ ಕೊಟ್ಟು ಕೇಳುವ ಜಾಗವೊಂದು ಇರುತ್ತದೆ. ಪಟ್ಟಣಕ್ಕೆ ಬಂದರೆ? ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರುಗಳಿಗೆ. ಆನವಟ್ಟಿ, ಸೊರಬ, ಶಿಕಾರಿಪುರ ಮೂರನ್ನೂ ಕೂಡಿಸಿ, ನೆಂಟರಿಷ್ಟರನ್ನೂ ಜಾತ್ರೆಗೆ ಕರೆಸಿದರೂ 3 ಲಕ್ಷ ಆಗುವುದಿಲ್ಲ. ಅಂದರೆ ಕೇರಿಯವರು ಹಳ್ಳಿಯಲ್ಲಿದ್ದಾಗ ಮಾತಾಡುವ ಹಕ್ಕಿತ್ತು, ಕೊಳಗೇರಿಯಾಗುವ ಹಕ್ಕಿರಲಿಲ್ಲ. ಪಟ್ಟಣಕ್ಕೆ ಸೇರಿದ ಮೇಲೆ ಕೊಳಗೇರಿಯಾಗುವ ಹಕ್ಕು ಬಂತು, ಮಾತಾಡುವ ಹಕ್ಕು ಹೋಯಿತು.

ಮಾತು ಹೋದ ಜಾಗದಲ್ಲಿ ಸಮುದಾಯದ ಸಹಭಾಗಿತ್ವ ಬರುತ್ತದೆ. ಬ್ಯಾನರ್ ಸಮೇತ.

ಆ ಸಭೆಗಳನ್ನು ನೋಡಬೇಕು ನೀವು. ಊರಿನ ಹೆಸರು ಬೇಡ. ಯಾವ ಪಟ್ಟಣ ಪಂಚಾಯ್ತಿಗೆ ಹೋದರೂ ಇದೇ ಸಭೆ. ಸಮಯ ಬೆಳಿಗ್ಗೆ 11 ಗಂಟೆ, ಕೇರಿಯ ಗಂಡಸರು ಗಾರೆ ಕೆಲಸಕ್ಕೂ ಹೆಂಗಸರು ಶುಂಠಿ ಹೊಲಕ್ಕೂ ಅಡಿಕೆ ಸುಲಿಯುವುದಕ್ಕೂ ಹೋದ ಹೊತ್ತು. ಕೂಲಿಗೆ ಹೋಗದೆ ಉಳಿದವರು ಮುದುಕಿಯರು, ಬಾಣಂತಿಯರು ಮತ್ತು ಪಕ್ಷದ ಕಾರ್ಯಕರ್ತರು. ಆದ್ದರಿಂದ ಸಮುದಾಯ ಎಂದರೆ ಅವರೇ. ಸ್ತ್ರೀಶಕ್ತಿ ಸಂಘದವರಿಗೆ ಒಂದೇ ಬಣ್ಣದ ಸೀರೆಯಲ್ಲಿ ಬರಲು ಹೇಳಿರುತ್ತಾರೆ, ಫೋಟೋದಲ್ಲಿ ಭಾಗವಹಿಸುವಿಕೆ ಎದ್ದು ಕಾಣಲೆಂದು. ಅಧ್ಯಕ್ಷರು ಒಂದು ಗಂಟೆ ತಡ. ನಾಡಗೀತೆ, ದೀಪ, ಗಿಡಕ್ಕೆ ನೀರು, ಸ್ವಾಗತ, ಪ್ರಾಸ್ತಾವಿಕ, ಹಾರ, ಹಾರ ಹಾಕಿದವರಿಗೆ ಶಾಲು. ಕೊನೆಗೆ ಯೋಜನೆಯ ಮಾತು ಬರುತ್ತದೆ. ಬಿಳಿ ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು. ಕಿಟಕಿಯ ಬಿಸಿಲಿಗೆ ಅದು ಕಾಣುವುದಿಲ್ಲ. ಕಾಣದಿದ್ದರೂ ಎಲ್ಲರೂ ಅತ್ತಲೇ ನೋಡುತ್ತಾರೆ.

"ಅಮ್ಮಾ, ನಿಮ್ಮ ಅಭಿಪ್ರಾಯ ನಮಗೆ ಮುಖ್ಯ. ಹೇಳಿ, ಚರಂಡಿ ಎಲ್ಲಿ ಬರಬೇಕು?" ಇಂಜಿನಿಯರ್ ಸಾಹೇಬರು ಮುಂದಿನ ಸಾಲಿನ ಮುದುಕಿಯನ್ನು ಕೇಳುತ್ತಾರೆ. ಒಳ್ಳೆಯ ಮನುಷ್ಯ, ನಗುಮೊಗ.

"ಹಿಂದ್ಗಡೆ ಸ್ವಾಮಿ. ನೀರು ಹಿಂದಕ್ಕೇ ಹೋಗೋದು. ಕೆರೆ ಅಲ್ಲೇ ಐತಲ್ಲ."

"ಆದ್ರೆ ಎಸ್ಟಿಮೇಟ್ ಮುಂದ್ಗಡೆಗೆ ಆಗಿದೆಯಲ್ಲಮ್ಮ."

"ನೀರಿಗೆ ಎಸ್ಟಿಮೇಟ್ ಓದಕ್ಕೆ ಬರಲ್ಲ ಸ್ವಾಮಿ."

ಎಲ್ಲರೂ ನಗುತ್ತಾರೆ. ಸಾಹೇಬರೂ ನಗುತ್ತಾರೆ. ಎಸ್ಟಿಮೇಟ್ ಒಂದೇ ನಗುವುದಿಲ್ಲ, ಅದಕ್ಕೆ ಆಗಲೇ ತಾಂತ್ರಿಕ ಮಂಜೂರಾತಿ ಸಿಕ್ಕಿದೆ, ಟೆಂಡರೂ ಆಗಿದೆ, ಗುತ್ತಿಗೆದಾರರು ಎರಡನೇ ಸಾಲಿನಲ್ಲಿ ಕೂತು ಫೋನು ನೋಡುತ್ತಿದ್ದಾರೆ. ಮುಹೂರ್ತ ಮುಗಿದ ಮೇಲೆ ಹೆಣ್ಣನ್ನು ಗಂಡು ಒಪ್ಪಿಗೆಯೇನವ್ವಾ ಎಂದು ಕೇಳಿದ ಹಾಗಿದು. ನಡಾವಳಿ ಪುಸ್ತಕದಲ್ಲಿ ಗುಮಾಸ್ತರು ಬರೆಯುತ್ತಾರೆ: ಚರಂಡಿ ಕುರಿತು ಮಹಿಳೆಯರು ಸಕ್ರಿಯವಾಗಿ ಚರ್ಚಿಸಿದರು, ಯೋಜನೆಗೆ ಸರ್ವಾನುಮತದಿಂದ ಒಪ್ಪಿಗೆ ನೀಡಲಾಯಿತು. ಕೆಳಗೆ ಹೆಬ್ಬೆಟ್ಟುಗಳ ಸಾಲು. ಆಮೇಲೆ ಉಪ್ಪಿಟ್ಟು, ಕೇಸರಿಬಾತು. ಉಪ್ಪಿಟ್ಟಿನ ವಿಷಯದಲ್ಲಿ ಸಹಭಾಗಿತ್ವ ನಿಜಕ್ಕೂ ನೂರಕ್ಕೆ ನೂರು.

ಚರಂಡಿ ಮುಂದುಗಡೆಯೇ ಬರುತ್ತದೆ. ರಸ್ತೆಯ ಮಟ್ಟಕ್ಕೆ ಸರಿಯಾಗಿ ಕಾಂಕ್ರೀಟು ಹಾಕುತ್ತಾರೆ, ರಸ್ತೆಯೋ ಪ್ರತಿ ಚುನಾವಣೆಗೊಂದು ಪದರ ಏರಿ ಮನೆಗಳ ಹೊಸಿಲಿಗಿಂತ ಅರ್ಧ ಅಡಿ ಎತ್ತರ ಆಗಿರುತ್ತದೆ. ಈಗ ಚರಂಡಿಗೂ ಆ ಅಂತಸ್ತು ಸಿಕ್ಕಿತು. ಜೂನಿನ ಮೊದಲ ಮಳೆಗೆ ರಸ್ತೆಯ ನೀರು ಚರಂಡಿಗೆ, ಚರಂಡಿಯ ನೀರು ಪಡಸಾಲೆಗೆ. ಮಲೆನಾಡಿನ ಮಳೆ ಬೆಂಗಳೂರಿನ ಮಳೆಯಂತೆ ಒಂದು ತಾಸು ಹೊಡೆದು ಟಿವಿಯವರು ಬರುವ ಹೊತ್ತಿಗೆ ಮಾಯವಾಗುವುದಲ್ಲ; ಹಿಡಿಯಿತೆಂದರೆ ವಾರ. ಎರಡನೇ ದಿನ ರಾತ್ರಿ ಕೇರಿಯ ಹುಡುಗರು ಹಾರೆ, ಸುತ್ತಿಗೆ ತಂದು ಚರಂಡಿಯ ಗೋಡೆಗೊಂದು ತೂತು ಹೊಡೆದು, ಹಿತ್ತಲ ಬದಿಯಲ್ಲಿ ಗುದ್ದಲಿಯಿಂದ ಕಾಲುವೆ ತೋಡಿ, ನೀರನ್ನು ಮುದುಕಿ ಹೇಳಿದ ದಾರಿಯಲ್ಲೇ ಕೆರೆಗೆ ಬಿಡುತ್ತಾರೆ. ಬೆಳಗಾಗುವಷ್ಟರಲ್ಲಿ ಪಡಸಾಲೆ ಒಣಗುತ್ತದೆ. ಬಿಲ್ ಕಲೆಕ್ಟರ್ ನೋಟಿಸು ತರುತ್ತಾನೆ: ಸಾರ್ವಜನಿಕ ಆಸ್ತಿಗೆ ಹಾನಿ. ಆ ಇಡೀ ಯೋಜನೆಯಲ್ಲಿ ಸಮುದಾಯ ನಿಜವಾಗಿ ಪಾಲ್ಗೊಂಡದ್ದು ಅದೊಂದೇ ರಾತ್ರಿ. ನಡಾವಳಿಯಲ್ಲಿ ಅದಿಲ್ಲ.

ಸರ್ಕಾರದ ಪ್ರಕಾರ ಸಹಭಾಗಿತ್ವಕ್ಕೆ ಅಳತೆ ಇಲ್ಲ ಎನ್ನುವಂತಿಲ್ಲ. ಅಳತೆ ಇದೆ, ಶೇಕಡಾವಾರು ಇದೆ. 2005ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆ, ಜೆನರ್ಮ್ ಅಂತ ಕರೆಯುತ್ತಿದ್ದದ್ದು, ತಂದಿತಲ್ಲ, ಅದರಲ್ಲಿ ನಗರದ ಬಡವರ ಮನೆಗಳಿಗೊಂದು ಭಾಗ ಇತ್ತು. ಫಲಾನುಭವಿಯ ವಂತಿಗೆ ಕನಿಷ್ಠ ಶೇ. 12, ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಂಗವಿಕಲರಿಗೆ ಶೇ. 10. ಅದೇ ಯೋಜನೆ ರಾಜ್ಯಗಳಿಗೆ ಸಮುದಾಯ ಸಹಭಾಗಿತ್ವದ ಕಾನೂನು ಮಾಡಲೇಬೇಕೆಂದು ಷರತ್ತನ್ನೂ ಹಾಕಿತ್ತು. ಕರ್ನಾಟಕ ಅದನ್ನು ಮಾಡಿದ್ದು 2011ರಲ್ಲಿ, ಯೋಜನೆ ಮುಗಿಯುವ ಹೊತ್ತಿಗೆ. ವಂತಿಗೆ ಮಾತ್ರ ಮೊದಲ ದಿನದಿಂದಲೇ ಶುರುವಾಗಿತ್ತು. ದುಡ್ಡು ಮುಂದೆ, ಮಾತು ಹಿಂದೆ. ಶಿಸ್ತು ಅಂದರೆ ಇದು.

ಆಮೇಲೆ 2015ರ ಜೂನಿನಲ್ಲಿ ಪ್ರಧಾನಮಂತ್ರಿ ಆವಾಸ್ ಬಂತು. 30 ಚದರ ಮೀಟರಿನ ಮನೆ. ಕೇಂದ್ರದ್ದು ಒಂದೂವರೆ ಲಕ್ಷ, ರಾಜ್ಯದ್ದು ಇಷ್ಟು, ಉಳಿದದ್ದು ಫಲಾನುಭವಿಯದು. ಈ ಉಳಿದದ್ದು ಎಂಬುದು ಲಕ್ಷಗಳಲ್ಲಿತ್ತು. ಲಕ್ಷಗಳನ್ನು ಹೊಂದಿಸಬಲ್ಲವನು ಕೊಳಗೇರಿಯಲ್ಲಿ ಯಾಕಿರುತ್ತಾನೆ ಎಂದು ಕೇಳುವಷ್ಟು ಒರಟರು ಯಾವ ಕಮಿಟಿಯಲ್ಲೂ ಇರಲಿಲ್ಲ. ಬ್ಯಾಂಕು ಸಾಲ ಕೊಡಲಿಲ್ಲ, ಮನೆಗಳು ಅರ್ಧಕ್ಕೇ ನಿಂತವು, ಕಡೆಗೆ ರಾಜ್ಯ ಸರ್ಕಾರವೇ ಕೊಳಗೇರಿ ಮಂಡಳಿಯ ಮನೆಗಳಿಗೆ ನೀವು 1 ಲಕ್ಷ ಕಟ್ಟಿ ಸಾಕು, ಮಿಕ್ಕಿದ್ದು ನಮ್ಮದು ಎನ್ನಬೇಕಾಯಿತು. ಈ ಬುದ್ಧಿವಂತಿಕೆ ಮೊದಲೇ ಹೊಳೆಯಲು ಬೇಕಿದ್ದದ್ದು ಒಬ್ಬ ಗಾರೆ ಮೇಸ್ತ್ರಿಯೊಂದಿಗೆ ಹತ್ತು ನಿಮಿಷದ ಮಾತು. ಆದರೆ ಮೇಸ್ತ್ರಿ ಆ ಹೊತ್ತಿನಲ್ಲಿ ಕೆಲಸಕ್ಕೆ ಹೋಗಿರುತ್ತಾನೆ.

ಮೂರಂತಸ್ತಿನ ಆ ಮನೆಗಳಿಗೆ ಹೋಗಿ ಬಂದವರಿಗೆ ಇನ್ನೊಂದು ನೋಟ ಸಿಗುತ್ತದೆ. ಮೆಟ್ಟಿಲ ಬುಡದಲ್ಲಿ ತಳ್ಳುಗಾಡಿ, ಗಾಡಿಗೆ ಸರಪಳಿ, ಸರಪಳಿಗೆ ಬೀಗ, ಗಾಡಿಯ ಮೇಲೆ ರಾತ್ರಿ ಮಲಗಿದ ಮಗ. ತರಕಾರಿ ಮಾರುವವನನ್ನು ಮೂರನೇ ಅಂತಸ್ತಿಗೆ ಏರಿಸಿದ ನಕ್ಷೆಕಾರನಿಗೆ ಗಾಡಿ ಏರುವುದಿಲ್ಲ ಎಂದು ತೋಚಲಿಲ್ಲ. ಕೋಳಿ, ಆಡು, ಹೊಲಿಗೆ ಮಿಷನ್ನಿಗೆ ಬೇಕಾದ ಹಗಲು ಬೆಳಕು, ಬಾಡಿಗೆಗೆ ಬಿಡುತ್ತಿದ್ದ ಒಂದು ಚಾಪೆ ಜಾಗ, ಯಾವುದೂ ಆ 30 ಚದರ ಮೀಟರಿನೊಳಗೆ ಬರಲಿಲ್ಲ. ಹಳೆಯ ಗುಡಿಸಲು ಮನೆಯಷ್ಟೇ ಆಗಿರಲಿಲ್ಲ, ಅಂಗಡಿಯೂ ಆಗಿತ್ತು, ಕೊಟ್ಟಿಗೆಯೂ ಆಗಿತ್ತು. ಹೇಳುವವರಿದ್ದರು, ಕೇಳುವ ಕಾಲಂ ಇರಲಿಲ್ಲ.

ಒಂಟಿ ಮನೆ ಕಟ್ಟಿಕೊಳ್ಳುವವರ ಸಹಭಾಗಿತ್ವ ಫೋಟೋದ್ದು. ತಳಪಾಯ, ಲಿಂಟಲ್, ಛಾವಣಿ, ಪೂರ್ಣ: ನಾಲ್ಕು ಹಂತ, ಹಂತಕ್ಕೊಂದು ಜಿಪಿಎಸ್ ಫೋಟೋ. ಫೋಟೋ ಏರಿದರೆ ಕಂತು ಇಳಿಯುತ್ತದೆ. ಫಲಾನುಭವಿ ಮನೆಯ ಎದುರು ನಿಲ್ಲಬೇಕು, ಮನೆ ಪೂರ್ತಿ ಕಾಣಬೇಕು. ಕೇರಿಯ ಓಣಿ ಆರಡಿ. ಎದುರಿನ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಫೋನಿನಲ್ಲಿ ಕಾಣುವುದು ಬಾಗಿಲು ಮತ್ತು ಫಲಾನುಭವಿಯ ಹೊಟ್ಟೆ. ಮನೆ ಪೂರ್ತಿ ಬರಬೇಕಾದರೆ ಎದುರು ಮನೆಯೊಳಗೆ ಹೋಗಿ, ಅವರ ಅಡುಗೆಮನೆಯಲ್ಲಿ ನಿಂತು ಕಿಟಕಿಯಿಂದ ತೆಗೆಯಬೇಕು. ತೆಗೆದರೆ ಅಕ್ಷಾಂಶ ರೇಖಾಂಶ ಎದುರು ಮನೆಯದು ಬಂತೆಂದು ತಿರಸ್ಕಾರ. ಇಕ್ಕಟ್ಟಾದ ಬೀದಿ ಎಂಬ ಕಾರಣಕ್ಕೆ ಕೊಳಚೆ ಎಂದು ಘೋಷಿಸಿದ ಸರ್ಕಾರವೇ ಬೀದಿ ಅಗಲ ಇಲ್ಲವೆಂದು ಕಂತು ತಡೆಯುತ್ತದೆ.

ನಮ್ಮ ಸೀಮೆಗೆ ಕೈಯೆಟಕುವವರು ಇರಲಿಲ್ಲವೆಂದು ದೂರುವ ಹಾಗಿಲ್ಲ. ಆನವಟ್ಟಿ ಪಕ್ಕದ ಕುಬಟೂರಿನ ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿ. ಆಶ್ರಯ ಯೋಜನೆ ಅವರ ಕಾಲದ್ದೇ. ಇವತ್ತಿಗೂ ರಾಜ್ಯದ ಊರೂರಿಗೆ ಒಂದು ಆಶ್ರಯ ಬಡಾವಣೆ ಇದ್ದರೆ ಅದರ ಬೇರು ಸೊರಬದ ಮಣ್ಣಿನಲ್ಲಿದೆ. ಆಚೆ ಶಿಕಾರಿಪುರ, ಪುರಸಭೆಯಿಂದ ರಾಜಕೀಯ ಶುರುಮಾಡಿದ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ನಾಲ್ಕು ಸಲ ಪ್ರಮಾಣವಚನ ತೆಗೆದುಕೊಂಡರು. ಬದು ಹಂಚಿಕೊಂಡ ಎರಡು ತಾಲೂಕಿಗೆ ಇಬ್ಬರು ಮುಖ್ಯಮಂತ್ರಿಗಳು ಅಂದರೆ ಸಾಮಾನ್ಯವಲ್ಲ. ಆದರೂ ನಮ್ಮ ಆಶ್ರಯ ಬಡಾವಣೆಗಳಲ್ಲಿ ಸೈಟಿನ ಕಲ್ಲು ಮೊದಲು ಬಂತು, ಮನೆ ಆಮೇಲೆ ಬಂತು, ನಲ್ಲಿ ಅದರ ಆಮೇಲೆ, ಚರಂಡಿ ಇನ್ನೂ ದಾರಿಯಲ್ಲಿದೆ. ಮುಖ್ಯಮಂತ್ರಿಗಳನ್ನು ಬೈದು ಪ್ರಯೋಜನವಿಲ್ಲ. ಅವರು ಮನೆ ಕೊಟ್ಟರು. ಮನೆಯ ನೀರು ಎತ್ತ ಹರಿಯುತ್ತದೆ ಎನ್ನುವುದು ವಿಧಾನಸೌಧದಿಂದ ಕಾಣುವುದಿಲ್ಲ, ಎಷ್ಟೇ ಎತ್ತರದ ಕಟ್ಟಡವಾದರೂ.

ಕಾಣುವುದು ಓಣಿಯವರಿಗೆ ಮಾತ್ರ. ಕೇರಿ ಹೇಗೆ ಹುಟ್ಟುತ್ತದೆ ನೋಡಿ. ಮೊದಲು ಟಾರ್ಪಾಲು. ಆಮೇಲೆ ತಗಡು. ಒಂದು ಒಳ್ಳೆ ವರ್ಷ ಬಂದರೆ ಇಟ್ಟಿಗೆ. ನಡುವೆ ಯಾರೋ ಒಬ್ಬ ಬೋರಿನ ಪೈಪಿಗೆ ಇನ್ನೊಂದು ಪೈಪು ಸೇರಿಸಿರುತ್ತಾನೆ, ಇನ್ನೊಬ್ಬ ಕಂಬದಿಂದ ತಂತಿ ಎಳೆದಿರುತ್ತಾನೆ. ಗುಡಿಯೊಂದು ಬೇಗ ಏಳುತ್ತದೆ. ಭಕ್ತಿ ಇಲ್ಲವೆಂದಲ್ಲ, ಆದರೆ ಗುಡಿ ಇದ್ದರೆ ಜೆಸಿಬಿ ಸ್ವಲ್ಪ ಯೋಚನೆ ಮಾಡುತ್ತದೆ ಎಂಬ ಅನುಭವವೂ ಇದೆ. ಹೆಸರನ್ನೂ ಹಾಗೇ ಆರಿಸುತ್ತಾರೆ: ಇಂದಿರಾ ನಗರ, ರಾಜೀವ್ ಗಾಂಧಿ ನಗರ, ಅಂಬೇಡ್ಕರ್ ನಗರ. ಬೆಂಗಳೂರಿನಲ್ಲಿ ಬಂಗಾರಪ್ಪ ನಗರವೂ ಇದೆ. ದೊಡ್ಡವರ ಹೆಸರಿನ ಬೋರ್ಡು ಕೆಡವಲು ಬಂದವನ ಕೈ ತುಸು ನಡುಗಬೇಕು. ಒಂದೇ ಒಂದು ರೂಪಾಯಿ ಅನುದಾನವಿಲ್ಲದೆ, ಒಬ್ಬನೇ ಒಬ್ಬ ನೋಡಲ್ ಅಧಿಕಾರಿಯಿಲ್ಲದೆ ನಗರ ಯೋಜನೆ, ನೀರು, ದೀಪ, ಕಾನೂನು ರಕ್ಷಣೆ ಎಲ್ಲವನ್ನೂ ಮಾಡಿಕೊಂಡ ಈ ಮಂದಿಗೆ, ಇಪ್ಪತ್ತು ವರ್ಷ ಕಳೆದ ಮೇಲೆ ಒಬ್ಬರು ಬಂದು ಪಾಲ್ಗೊಳ್ಳುವುದು ಹೇಗೆಂದು ಎರಡು ದಿನದ ತರಬೇತಿ ಕೊಡುತ್ತಾರೆ. ಪ್ರಮಾಣಪತ್ರವನ್ನೂ ಕೊಡುತ್ತಾರೆ.

ಬೆಂಗಳೂರಿನ ಈಜಿಪುರದವರಿಗೆ ಪ್ರಮಾಣಪತ್ರವೂ ಸಿಗಲಿಲ್ಲ. ಬಡವರಿಗೆಂದು ಪಾಲಿಕೆ ಕಟ್ಟಿಸಿದ ವಸತಿಗೃಹಗಳು ಕುಸಿಯತೊಡಗಿದವು, ಜನ ಅಲ್ಲೇ ತಗಡಿನ ಶೆಡ್ಡು ಹಾಕಿಕೊಂಡರು. ಖಾಸಗಿಯವರ ಜೊತೆ ಒಪ್ಪಂದವಾಯಿತು: ಅರ್ಧ ಜಾಗದಲ್ಲಿ ಬಡವರಿಗೆ ಮನೆ, ಅರ್ಧದಲ್ಲಿ ವಾಣಿಜ್ಯ ಸಂಕೀರ್ಣ. 2013ರ ಜನವರಿಯಲ್ಲಿ ಬುಲ್ಡೋಜರು ಬಂದು ಸುಮಾರು 1,500 ಕುಟುಂಬಗಳನ್ನು ಬೀದಿಗೆ ತಂದಿತು. ಸಾರ್ವಜನಿಕ-ಖಾಸಗಿ ಸಹಭಾಗಿತ್ವ ಎಂದು ಅದರ ಹೆಸರು. ಅದರಲ್ಲಿ ಮೂರನೆಯವರಿಗೆ ಜಾಗ ಇರಲಿಲ್ಲ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ್ದು ಇನ್ನೂ ಚುರುಕು ಕೆಲಸ. ಅಲ್ಲಿರುವವರು ಬಾಂಗ್ಲಾದೇಶದವರು ಎಂದು ವಿಡಿಯೊ ಒಂದು ಓಡಾಡಿತು, ಶೆಡ್ಡುಗಳು ನೆಲಸಮವಾದವು. ಕೆಳಗೆ ಸಿಕ್ಕ ಆಧಾರ್ ಕಾರ್ಡು ಓದಿದರೆ ಎಷ್ಟೋ ಜನ ನಮ್ಮ ಉತ್ತರ ಕರ್ನಾಟಕದವರು. ಜೋಳದ ರೊಟ್ಟಿಯ ವಾಸನೆ ಬಂದಿದ್ದರೂ ಗೊತ್ತಾಗಬೇಕಿತ್ತು.

ಬೇರೆ ದಾರಿ ಇಲ್ಲವೇ ಇಲ್ಲ ಎಂದಲ್ಲ. ಬೆಂಗಳೂರಿನ ಜಲಮಂಡಳಿಯೇ 2000ದ ಆಸುಪಾಸಿನಲ್ಲಿ ಆಸ್ಟ್ರೇಲಿಯಾದ ನೆರವಿನ ಯೋಜನೆಯೊಂದರಿಂದ ಶುರುಮಾಡಿ, ಕೊಳಗೇರಿಯವರಿಗೆ ಮನೆಮನೆಗೆ ನೀರು ಕೊಡಲು ಹಕ್ಕುಪತ್ರವೇ ಬೇಕೆಂಬ ಹಠ ಬಿಟ್ಟಿತು. ರೇಷನ್ ಕಾರ್ಡೋ ಕರೆಂಟ್ ಬಿಲ್ಲೋ ತೋರಿಸಿದರೆ ಸಾಕು ಎಂದಿತು, ಸಂಪರ್ಕದ ಶುಲ್ಕ ಇಳಿಸಿತು, ಅದಕ್ಕೊಂದು ಸಾಮಾಜಿಕ ವಿಭಾಗ ಮಾಡಿ ಓಣಿಯ ಹೆಂಗಸರ ಜೊತೆ ಕೂತು ಮಾತಾಡಿತು. ಆಗಿದ್ದೇನು? ಬಿಟ್ಟಿ ನೀರಿಗೆ ಹೊಡೆದಾಡುತ್ತಾರೆ ಎಂದು ಹೆಸರು ಪಡೆದವರು ಮೀಟರು ಹಾಕಿಸಿಕೊಂಡು ಬಿಲ್ಲು ಕಟ್ಟತೊಡಗಿದರು. ಟ್ಯಾಂಕರಿನವನಿಗೆ ಕೊಡಕ್ಕಿಷ್ಟೆಂದು ಕೊಡುತ್ತಿದ್ದದ್ದು ಅದಕ್ಕಿಂತ ದುಬಾರಿ ಇತ್ತು, ಅಷ್ಟೇ. ನೀರು ಕೊಟ್ಟರೆ ನೆಲದ ಹಕ್ಕು ಕೊಟ್ಟಂತಾಗುತ್ತದೆ ಎಂದು ಹೆದರಿದ್ದ ಕಾನೂನು ಪಂಡಿತರಿಗೆ ಆಕಾಶ ಕಳಚಿ ಬೀಳದ್ದು ಕಂಡು ಬೇಸರವಾಗಿರಬೇಕು.

ಇನ್ನೊಂದು ಉದಾಹರಣೆ ಕರಾಚಿಯದು. ಹುಬ್ಬೇರಿಸಬೇಡಿ, ಚರಂಡಿ ನೀರಿಗೆ ಪಾಸ್‌ಪೋರ್ಟ್ ಇಲ್ಲ. ಅಖ್ತರ್ ಹಮೀದ್ ಖಾನ್ ಎಂಬುವರು ಬ್ರಿಟಿಷರ ಕಾಲದಲ್ಲಿ ಐಸಿಎಸ್ ನೌಕರಿ ಬಿಟ್ಟು ಅಲಿಗಢದ ಹತ್ತಿರ ಕೂಲಿ, ಬೀಗ ಮಾಡುವ ಕೆಲಸ ಮಾಡಿದವರು. ಐಎಎಸ್ ಕೋಚಿಂಗಿಗೆ ಮಕ್ಕಳನ್ನು ಕಳಿಸುವ ತಂದೆತಾಯಿಗಳು ಈ ವಾಕ್ಯವನ್ನು ಓದದಿರುವುದು ಒಳ್ಳೆಯದು. 1980ರಲ್ಲಿ ಅವರು ಒರಂಗಿ ಎಂಬ ದೊಡ್ಡ ಅನಧಿಕೃತ ವಸತಿಯಲ್ಲಿ ಕೆಲಸ ಶುರುಮಾಡಿದರು. ಇಡೀ ಬಡಾವಣೆಯನ್ನು ಹಿಡಿಯಲಿಲ್ಲ, ಓಣಿಯನ್ನು ಹಿಡಿದರು. 20ರಿಂದ 40 ಮನೆಯ ಓಣಿ. ಓಣಿಯವರೇ ಒಬ್ಬರನ್ನು ಆರಿಸಿ, ಲೆಕ್ಕ ಇಟ್ಟು, ದುಡ್ಡು ಕೂಡಿಸಿ, ಅಗೆದು, ಪೈಪು ಹಾಕಿ, ಶೌಚಾಲಯಗಳನ್ನು ಓಣಿಯ ಒಳಚರಂಡಿಗೆ ಸೇರಿಸಿದರು. ಖಾನ್ ಅವರ ಕಡೆಯವರು ಮಟ್ಟ ಅಳೆದು ಕೊಟ್ಟರು, ನಕ್ಷೆ ಬರೆದು ಕೊಟ್ಟರು, ಹಣ ಕೊಡಲಿಲ್ಲ. ಊರ ಹೊರಗಿನ ದೊಡ್ಡ ಕಾಲುವೆ, ಶುದ್ಧೀಕರಣ ಸರ್ಕಾರದ್ದು. ನಡುವೆ ಗುತ್ತಿಗೆದಾರನಿಲ್ಲದ್ದರಿಂದ ಖರ್ಚು ಸರ್ಕಾರಿ ಅಂದಾಜಿನ ಒಂದು ಸಣ್ಣ ಪಾಲಿಗೆ ಇಳಿಯಿತು. ಸಾವಿರಾರು ಓಣಿಗಳಲ್ಲಿ ಇದು ನಡೆಯಿತು. ನಮ್ಮಲ್ಲಿ ಯಾಕಾಗದು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಎರಡನೇ ಸಾಲಿನಲ್ಲಿ ಕೂತು ಫೋನು ನೋಡುತ್ತಿದ್ದವರ ಮುಖವನ್ನು ಒಮ್ಮೆ ನೋಡಿದರೆ ಸಾಕು.

ಹಾಗೆಂದು ಒರಂಗಿಯನ್ನು ಹೊಗಳಿ ಸರ್ಕಾರವನ್ನು ಮನೆಗೆ ಕಳಿಸುವ ವಾದವನ್ನೂ ನಾನು ಒಪ್ಪುವುದಿಲ್ಲ. ತಾವೇ ಮಾಡಿಕೊಳ್ಳಲಿ ಎನ್ನುವ ಮಾತು ಬೆಂಗಳೂರಿನ ಸದಾಶಿವನಗರದ ಸಿರಿವಂತರ ವಿಷಯದಲ್ಲಿ ಯಾಕೆ ಬರುವುದಿಲ್ಲ? ಅಲ್ಲಿಯ ಚರಂಡಿಗೆ ಯಾರೂ ಶೇ. 12 ವಂತಿಗೆ ಕೊಟ್ಟಿಲ್ಲ, ಶ್ರಮದಾನವನ್ನೂ ಮಾಡಿಲ್ಲ. ದೊಡ್ಡ ಮನೆಯವರಿಗೆ ಸೌಲಭ್ಯ, ಸಣ್ಣ ಮನೆಯವರಿಗೆ ಸಹಭಾಗಿತ್ವ. ಪಂಕ್ತಿಭೇದ ಮಠದ ಊಟದಲ್ಲಿ ಮಾತ್ರ ಇದೆಯೆಂದು ಹೇಳಿದವರಾರು? ಸರ್ಕಾರ ದೊಡ್ಡ ಕಾಲುವೆ ತೋಡಲಿ, ನೀರು ತರಲಿ, ನೆಲದ ಹಕ್ಕುಪತ್ರ ಕೊಡಲಿ. ಓಣಿಯೊಳಗಿನದನ್ನು ಓಣಿಯವರ ತೀರ್ಮಾನಕ್ಕೆ ಬಿಡಲಿ, ಹಣದ ಸಮೇತ. ಕೇಳಿದರೆ ಎದೆ ಒಡೆಯುವಂಥ ಬೇಡಿಕೆಯೇನೂ ಅಲ್ಲ.

ಬಿಡುವುದಿಲ್ಲ, ಗೊತ್ತು. ಆದ್ದರಿಂದ ಅವರದೇ ಭಾಷೆಯಲ್ಲಿ ನಮ್ಮ ಕಡೆಯಿಂದ ಒಂದು ಸಣ್ಣ ಸುತ್ತೋಲೆ. ಕೇರಿಗಳ ಅಭಿವೃದ್ಧಿಯನ್ನು ಕೇರಿಯವರು ಈಗಾಗಲೇ ಕೈಗೊಂಡಿದ್ದು, ಸದರಿ ಕಾರ್ಯದಲ್ಲಿ ಸರ್ಕಾರದ ಸಹಭಾಗಿತ್ವವನ್ನು ಆಹ್ವಾನಿಸಲಾಗಿದೆ. ಸರ್ಕಾರದ ವಂತಿಗೆ ಶೇ. 88, ಮುಂಗಡ. ಆಸಕ್ತ ಇಲಾಖೆಗಳು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯೊಂದಿಗೆ, ಸಂಬಂಧಪಟ್ಟ ಇಂಜಿನಿಯರ್ ಜುಲೈ ತಿಂಗಳಲ್ಲಿ ಒಂದು ರಾತ್ರಿ ಕೇರಿಯಲ್ಲಿ ತಂಗಿದ್ದಕ್ಕೆ ವಾಸಸ್ಥಳ ದೃಢೀಕರಣ ಪತ್ರ ಲಗತ್ತಿಸಬೇಕು. ನಾಲ್ಕು ಹಂತದಲ್ಲಿ ಜಿಪಿಎಸ್ ಫೋಟೋ: ಮೊಣಕಾಲು ಮಟ್ಟದ ನೀರಿನಲ್ಲಿ, ಶೌಚಾಲಯದ ಸರದಿಯಲ್ಲಿ, ನಲ್ಲಿಯ ಮುಂದೆ ಕೊಡದ ಜೊತೆ, ಮತ್ತು ಆರಡಿ ಓಣಿಯಲ್ಲಿ ಮುಖ ಪೂರ್ತಿ ಕಾಣುವಂತೆ. ಸಭೆ ರಾತ್ರಿ 9 ಗಂಟೆಗೆ, ಕೂಲಿಯವರು ಊಟ ಮಾಡಿ ಬಂದ ಮೇಲೆ. ತಡವಾಗಿ ಬಂದವರಿಗೆ ಹಾರ ಇಲ್ಲ. ನಡಾವಳಿ ಬರೆಯುವುದು ಪಿಯುಸಿ ಓದುತ್ತಿರುವ ನಮ್ಮ ಹುಡುಗಿ. ಮುದುಕಿ ಹೇಳಿದ್ದನ್ನು ಮುದುಕಿ ಹೇಳಿದಂತೆಯೇ ಬರೆಯುತ್ತಾಳೆ, ಸಾಹೇಬರು ಕೆಳಗೆ ಹೆಬ್ಬೆಟ್ಟು ಒತ್ತಬೇಕು.

ಅರ್ಜಿಯನ್ನು ಖುದ್ದಾಗಿ ತರಬೇಕು. ಒಂದು ದಾಖಲೆ ಕಮ್ಮಿ ಇದ್ದರೂ ವಾಪಸು. ಊಟದ ಹೊತ್ತಿಗೆ ಬಂದರೆ ನಾಳೆ ಬನ್ನಿ ಎನ್ನಲಾಗುವುದು. ನಾಳೆ ಬಂದರೆ, ಆ ಸೆಕ್ಷನ್ ನೋಡುವವರು ರಜೆಯಲ್ಲಿರುತ್ತಾರೆ.